ಟೀಚರಮ್ಮನ ತೊಟ್ಟಿಲು

ನಮ್ಮ ಊರಿನಲ್ಲಿ ಯಾರಿಗೂ ತಾನಾಗಿ ನಿದ್ದೆ ಹತ್ತುವುದಿಲ್ಲ. ಇನ್ನೊಬ್ಬರು ಹತ್ತಿರ ಬಂದು ಅವರವರ ಮಾತನ್ನು ಹೇಳಬೇಕು, ಆಗಲೇ ಕಣ್ಣು ಮುಚ್ಚುವುದು. ಹಾಗಾಗಿ ಗಾದಿ ಮಾರುವ ನನ್ನಂಥವನಿಗೆ ಇಲ್ಲಿ ದೊಡ್ಡ ನೆಮ್ಮದಿ. ನಿದ್ದೆ ಬರಲಿಲ್ಲವೆಂದು ಯಾರೂ ಗಾದಿಯನ್ನು ದೂರುವುದಿಲ್ಲ, ಹೆಂಡತಿಯನ್ನೋ ಗಂಡನನ್ನೋ ದೂರುತ್ತಾರೆ. ನನ್ನ ಹೆಸರು ಇಮಾಮಸಾಬ್ ನದಾಫ. ಹತ್ತಿ ಹಿಂಜಿ ಗಾದಿ ತುಂಬುವುದು ನಮ್ಮ ಮನೆತನದ ಕಸುಬು. ಕೆಳಗೆ ಅಂಗಡಿ, ಹಿಂದೆ ಮನೆ, ಮೇಲೆ ಬಾಡಿಗೆಗೆ ಕೊಡುವ ಒಂದು ಕೋಣೆ.

ಮಾತು ಒಬ್ಬೊಬ್ಬರಿಗೆ ಒಂದೊಂದು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರಿನ ಜೊತೆಗೆ ಇದನ್ನೂ ಹೇಳುತ್ತಾಳೆ. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದಿದ್ದರೆ ಮಾತು ನಾಟುವುದಿಲ್ಲ ಎಂಬುದು ಹಿಂದಿನಿಂದ ಬಂದ ನಂಬಿಕೆ, ನಮ್ಮ ಹೆಂಗಸರಂತೂ ಈ ನಂಬಿಕೆಯನ್ನು ಬಲು ಹುಮ್ಮಸ್ಸಿನಿಂದ ಕಾಪಾಡಿಕೊಂಡು ಬಂದಿದ್ದಾರೆ. ನನ್ನ ಮಾತು, "ಹತ್ತಿ ಒಣಗೈತೆ, ಒಳಗೆ ತಂದಾಯ್ತು." ನನ್ನ ಹೆಂಡತಿ ಹೊನ್ನೂರಮ್ಮನದು, "ಹಾಲು ಉಕ್ಕಲಿಲ್ಲ, ನಾನು ನೋಡ್ಕೊಂಡೆ." ಮನೆಯಲ್ಲಿ ಕೊನೆಗೆ ಉಳಿಯುವ ಇಬ್ಬರು ಒಂದೇ ಉಸಿರಿಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಒಬ್ಬರು ಆತುರಪಟ್ಟು ಮುಂದೆ ಹೇಳಿಬಿಟ್ಟರೆ ಕೇಳಿಸಿಕೊಂಡವರು ಗೊರಕೆ ಹೊಡೆಯುತ್ತಾರೆ, ಹೇಳಿದವರು ಜಂತೆ ನೋಡುತ್ತಾ ಬಿದ್ದುಕೊಂಡಿರಬೇಕು. ಮದುವೆಯಾದ ಹೊಸತರಲ್ಲಿ ಎಲ್ಲ ಗಂಡಹೆಂಡಿರಿಗೂ ಇದೊಂದು ರಗಳೆ. ಆಮೇಲೆ ಹೊಂದಿಕೊಳ್ಳುತ್ತದೆ.

ಹೊನ್ನೂರಮ್ಮನ ಬಾಯಿ ನಮ್ಮ ಬೀದಿಗೆಲ್ಲ ಹೆಸರುವಾಸಿ. ಜಗಳಕ್ಕೂ ಅಷ್ಟೇ, ನಿದ್ದೆಗೂ ಅಷ್ಟೇ. ದೀಪ ಹಚ್ಚಿದ ಮೇಲೆ ಅವಳು ಬೀದಿಯಲ್ಲಿ ಒಂಟಿಯಾಗಿರುವವರ ಮನೆಗಳಿಗೆ ಒಂದು ಸುತ್ತು ಹಾಕಿ, ಬಾಗಿಲಲ್ಲೇ ನಿಂತು ಅವರವರ ಮಾತು ಹೇಳಿ ಬರುತ್ತಾಳೆ. ಹಗಲು ಯಾರ ಜೊತೆ ಜುಟ್ಟು ಹಿಡಿದು ಕಾದಾಡಿದ್ದಳೋ ಅವರ ಮನೆಗೂ ಹೋಗುತ್ತಾಳೆ. ಅವಳು ಹೇಳಿದ ಮೇಲೆ ಎಚ್ಚರವಾಗಿ ಉಳಿದವರು ಯಾರೂ ಇಲ್ಲ. ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವಿದೆ. ಸ್ವಲ್ಪ ಎಂದು ನಾನು ಸಂಸಾರ ಮಾಡುವವನಾಗಿ ಹೇಳುತ್ತಿದ್ದೇನೆ.

ಇಂಥ ಹೊನ್ನೂರಮ್ಮನಿಗೆ ಸವಾಲಾಗಿ ಬಂದವರು ಸುಗುಣ ದೇವಪ್ರಿಯ, ಹೈಸ್ಕೂಲಿಗೆ ಹೊಸದಾಗಿ ಬಂದ ಇಂಗ್ಲಿಷ್ ಟೀಚರು. ನಿವೃತ್ತಿಗೆ ಹತ್ತಿರವಾದ ವಯಸ್ಸು, ಒಂದು ಟ್ರಂಕು, ಒಂದು ದಾಸವಾಳದ ಕುಂಡ. ಮೇಲಿನ ಕೋಣೆ ನೋಡಿದರು. ಕಿಟಕಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಬಾಡಿಗೆಯ ಮಾತನ್ನೇ ಎತ್ತಲಿಲ್ಲ.

"ಸಾಹೇಬ್ರೇ, ಬೀಗದ ಕೈ ನನ್ನ ಹತ್ರಾನೇ ಇರುತ್ತಾ?" ಎಂದು ಕೇಳಿದರು.

"ನಿಮ್ಮ ಕೋಣೆ, ನಿಮ್ಮ ಬೀಗ. ನಮಗ್ಯಾಕ್ರೀ ಟೀಚರಮ್ಮ?" ಎಂದೆ.

ಮೆಟ್ಟಿಲಿಳಿಯುವಾಗ ಅದನ್ನೇ ಇನ್ನೊಮ್ಮೆ ಕೇಳಿದರು. ಆಮೇಲೆ ಗೊತ್ತಾಯಿತು, ಮಿಷನ್ ಬೋರ್ಡಿಂಗು, ಹಾಸ್ಟೆಲು, ಕಾಯಿಲೆಯ ತಾಯಿಯ ಮಂಚದ ಪಕ್ಕ, ತಂಗಿಯ ಮನೆಯ ನಡುಮನೆ, ಹೀಗೆ ಎಲ್ಲೆಲ್ಲೋ ಇದ್ದು ಬಂದವರು. ತಮ್ಮದೇ ಬೀಗದ ಕೈ ಇರುವ ಕೋಣೆ ಅವರಿಗೆ ಇದೇ ಮೊದಲು. ಆ ಬೀಗದ ಕೈಯನ್ನು ಒಂದು ಕಪ್ಪು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರು.

ಹೊರಗಿನಿಂದ ಬಂದವರ ಮಾತು ಹುಡುಕುವುದು ನಮಗೆ ಹೊಸದೇನಲ್ಲ. ಹಿಂದೆ ಒಬ್ಬ ಡಾಕ್ಟರು ಬಂದಿದ್ದಾಗ ಅವರ ಕಾಂಪೌಂಡರು "ಇನ್ನು ಪೇಷಂಟ್ ಇಲ್ಲ ಸಾರ್" ಎಂದದ್ದೇ ತಡ, ಡಾಕ್ಟರು ಸ್ಟೆತಾಸ್ಕೋಪು ಕೊರಳಲ್ಲಿರುವಾಗಲೇ ಒರಗಿಬಿಟ್ಟಿದ್ದರು. ಪ್ರತಿಯೊಬ್ಬರಿಗೂ ಹಳೆಯದೊಂದು ಮಾತು ಎಲ್ಲೋ ಇದ್ದೇ ಇರುತ್ತದೆ, ತಾಯಿ ಹೇಳಿದ್ದೋ ಅಜ್ಜಿ ಹೇಳಿದ್ದೋ. ಅದನ್ನು ಹುಡುಕಿ ತೆಗೆದರಾಯಿತು. ಹೊನ್ನೂರಮ್ಮ ಮೊದಲ ದಿನವೇ ಟೀಚರಮ್ಮನಿಗೆ ಧೈರ್ಯ ಹೇಳಿದಳು.

"ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾಳೆ ನಾಡಿದ್ದರೊಳಗೆ ನಿಮ್ಮನ್ನ ಮಲಗಿಸ್ಲಿಲ್ಲ ಅಂದ್ರೆ ನಾನು ಹೊನ್ನೂರಮ್ಮನೇ ಅಲ್ಲ."

ನಾಳೆ ಹೋಯಿತು, ನಾಡಿದ್ದೂ ಹೋಯಿತು. ಅವಳು "ಜೊಂಪು ಹತ್ತಿತು" ಎಂದಳು, "ರೆಪ್ಪೆ ಭಾರ ಆತು" ಎಂದಳು, "ದೇವರು ಕಾಯ್ತಾನೆ" ಎಂದಳು, ಜೋಗುಳ ಹಾಡಿದಳು. ಆ ಜೋಗುಳಕ್ಕೆ ಕೆಳಗೆ ಹತ್ತಿ ಹಿಂಜುತ್ತಿದ್ದ ನಾನೇ ತೂಕಡಿಸಿ ಬೆರಳಿಗೆ ಪೆಟ್ಟು ಮಾಡಿಕೊಂಡೆ, ಟೀಚರಮ್ಮ ಮಾತ್ರ ಚಾದರ ಹೊದ್ದುಕೊಂಡು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಪಾಪ, ಹೊನ್ನೂರಮ್ಮನಿಗೆ ಬೇಸರವಾಗಬಾರದೆಂದು ಕಣ್ಣು ಮುಚ್ಚಿಕೊಂಡು ನಟಿಸಿಯೂ ನೋಡಿದರು. ಆದರೆ ನಟನೆಯ ನಿದ್ದೆ ಯಾವುದು, ನಿಜದ ನಿದ್ದೆ ಯಾವುದು ಎಂಬುದನ್ನು ನಮ್ಮ ಊರಿನ ಕೂಸುಗಳೂ ಹೇಳುತ್ತವೆ.

ನಮ್ಮ ಊರಿನ ಈ ಕಟ್ಟಳೆ ಸೇತುವೆಯವರೆಗೆ ಮಾತ್ರ. ಸೇತುವೆ ದಾಟಿದರೆ ಎಲ್ಲರಿಗೂ ಎಲ್ಲರ ಹಾಗೆ ನಿದ್ದೆ ಬರುತ್ತದೆ. ಟೀಚರಮ್ಮ ಸಂಜೆಯ ಬಸ್ಸು ಹತ್ತತೊಡಗಿದರು. ಬಸ್ಸು ಸೇತುವೆ ದಾಟಿದ ತಕ್ಷಣ ಮುಂದಿನ ಸೀಟಿನ ಕಂಬಿಗೆ ತಲೆಯಾನಿಸಿದರೆ ಮುಗಿಯಿತು, ಕಂಡಕ್ಟರು ಕೊನೆಯ ಸ್ಟಾಪಿನಲ್ಲಿ ಎಬ್ಬಿಸಬೇಕು. ಅಲ್ಲಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಉಳಿದದ್ದನ್ನು ಮುಗಿಸಿ, ಬೆಳಗಿನ ಬಸ್ಸಿಗೆ ಮುದುಡಿದ ಸೀರೆಯಲ್ಲೇ ಸ್ಕೂಲಿಗೆ ಬರುವುದು. ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದೀತು? ಪ್ರಾರ್ಥನೆ ಮುಗಿದ ಮೇಲೆ ಗೇಟಿನೊಳಗೆ ಕಾಲಿಡುವುದನ್ನು ಹೆಡ್ ಮಾಸ್ತರರಾದ ವೃಷಭೇಂದ್ರಯ್ಯನವರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಇತ್ತ ಗಾದಿಯ ಮೇಲೆ ಮಲಗದ ಬಾಡಿಗೆದಾರರನ್ನು ಇಟ್ಟುಕೊಂಡು ನನಗೂ ಮುಖವಿಲ್ಲದ ಹಾಗಾಗಿತ್ತು. ಅವರಿಗೆಂದು ಹೊಸ ಹತ್ತಿ ಹಾಕಿ ತುಂಬಿದ ಗಾದಿ ಅದು.

"ನಾನು ಹುಡುಕ್ತಿರೋ ಜಾಗನೇ ತಪ್ಪು ನೋಡ್ರಿ," ಎಂದಳು ಹೊನ್ನೂರಮ್ಮ ಒಂದು ಸಂಜೆ ರೊಟ್ಟಿ ತಟ್ಟುತ್ತಾ. "ಜೀವನ ಪೂರ್ತಿ ಇಂಗ್ಲಿಷ್ ಕಲಿಸಿದೋರಿಗೆ ನಿದ್ದೆ ಕನ್ನಡದಾಗೆ ಹೆಂಗೆ ಬರ್ತೈತೆ?"

ಅದು ಎಷ್ಟು ಸರಿಯಾಗಿ ಕೇಳಿಸಿತೆಂದರೆ ನಾನೂ ಹೂಂಗುಟ್ಟಿದೆ. ಮರುದಿನ ಅವಳು ಮೇಲೆ ಹೋಗಿ ಇಂಗ್ಲಿಷಿನಲ್ಲಿ ನಿದ್ದೆಗೆ ಏನೇನು ಅನ್ನುತ್ತಾರೆ, ಎಲ್ಲವನ್ನೂ ಹೇಳಿಕೊಡಿ ಎಂದು ಚಾಪೆಯ ಮೇಲೆ ಕೂತಳು. ಓದು ಬರಹ ಅವಳಿಗೆ ಅಷ್ಟಕ್ಕಷ್ಟೇ, ಆದರೆ ಕಿವಿ ಚುರುಕು.

"ದಿನಬಳಕೆಯಲ್ಲಿ ಹಿಟ್ ದ ಸ್ಯಾಕ್ ಅಂತಾರೆ," ಎಂದರು ಟೀಚರಮ್ಮ. "ಅಂದ್ರೆ ಚೀಲಕ್ಕೆ ಹೊಡೆಯೋದು."

"ಅದು ನಮ್ಮ ಯಜಮಾನರ ಕೆಲಸ ಆತಲ್ರೀ. ನಿದ್ದೆ ಎಲ್ಲೈತೆ ಅದ್ರಾಗೆ?"

"ಹಿಂದೆ ಹುಲ್ಲು ತುಂಬಿದ ಚೀಲದ ಮೇಲೆ ಮಲಗ್ತಿದ್ರಂತೆ. ಫಾರ್ಟಿ ವಿಂಕ್ಸ್ ಅಂದ್ರೆ ಸಣ್ಣ ನಿದ್ದೆ. ನಾಡ್ ಆಫ್ ಅಂದ್ರೆ ಕೂತಲ್ಲೇ ತೂಕಡಿಸಿ ನಿದ್ದೆಹೋಗೋದು. ಡ್ರಾಪ್ ಆಫ್ ಅಂದ್ರೂ ನಿದ್ದೆಗೆ ಜಾರೋದೇ. ಔಟ್ ಲೈಕ್ ಎ ಲೈಟ್ ಅಂದ್ರೆ ದೀಪ ಆರಿದ ಹಾಗೆ ಮಲಗಿಬಿಡೋದು. ಮಕ್ಕಳಿಗೆ ಸ್ಲೀಪ್ ಟೈಟ್ ಅಂತಾರೆ."

"ಟೈಟಾಗೋಕೆ ನಿದ್ದೆ ಏನು ರವಿಕೆನಾ?" ಎಂದಳು ಹೊನ್ನೂರಮ್ಮ. ಟೀಚರಮ್ಮ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿಸಿಕೊಂಡದ್ದು ಅದೇ ಮೊದಲು.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಇಂಗ್ಲಿಷಿನ ಕಾರುಬಾರು. ಹೊನ್ನೂರಮ್ಮ ಒಗ್ಗರಣೆ ಹಾಕುವಾಗ ನಾಡ್ ಆಫ್, ನೀರು ಸೇದುವಾಗ ಔಟ್ ಲೈಕ್ ಎ ಲೈಟ್. ಸಂಜೆ ಮೇಲೆ ಹೋಗಿ ಮಂಚದ ಪಕ್ಕ ನಿಂತು ಒಂದೊಂದನ್ನೇ ಪ್ರಯೋಗಿಸುತ್ತಿದ್ದಳು. ಟೀಚರಮ್ಮ ಉಚ್ಚಾರಣೆ ತಿದ್ದುತ್ತಿದ್ದರು, ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದರೆ ಕುತೂಹಲದ ಸಂಗತಿ ಬೇರೆ ಇತ್ತು. ಆ ಮಾತುಗಳು ನಮ್ಮವರಿಗೆ ನಾಟಿದವು, ಅದೂ ಟೀಚರಮ್ಮನ ಬಾಯಿಂದ ಬಂದರೆ ಕ್ಷಣಮಾತ್ರದಲ್ಲಿ. ಹೇಳಿಕೊಟ್ಟದ್ದನ್ನು ಒಡನೆಯೇ ಉರುಹೊಡೆಯುತ್ತಿದ್ದ ಹೊನ್ನೂರಮ್ಮನಿಗೆ, ಅವಳ ಗದ್ದಲವೇ ಕಿವಿತುಂಬಿದ ನನಗೆ ಮಾತ್ರ ತಾಗಿರಲಿಲ್ಲ. ಹಾಲು ಹಾಕಲು ಬಂದವಳು ಮೆಟ್ಟಿಲ ಮೇಲೆ ಪಾಠ ಕೇಳುತ್ತಾ ನಿಂತು, ಕ್ಯಾನಿಗೆ ಒರಗಿ ಮಲಗಿಬಿಟ್ಟಳು. ಅವಳನ್ನು ಎಬ್ಬಿಸುವ ಹೊತ್ತಿಗೆ ಊರಿನ ಅರ್ಧದಷ್ಟು ಮನೆಯಲ್ಲಿ ಚಹಾ ಇಲ್ಲದೆ ಗಂಡಸರು ಗೊಣಗುತ್ತಿದ್ದರು.

ಇಷ್ಟು ನೋಡಿಯೂ ನಮಗೆ ಬುದ್ಧಿ ಬರಲಿಲ್ಲ. ಒಂಬತ್ತನೆಯ ತರಗತಿಯ ಪಾಠದಲ್ಲೇ ಆ ಮಾತುಗಳು ಇದ್ದವೆಂದು ನಮಗೇನು ಗೊತ್ತು? ಊಟದ ಬೆಲ್ಲಿನ ನಂತರದ ಪೀರಿಯಡ್ಡು. ಟೀಚರಮ್ಮ ಬೋರ್ಡಿನ ಮೇಲೆ ಬರೆದು, ಒಂದೊಂದನ್ನೂ ಜೋರಾಗಿ ಓದಿ ಅರ್ಥ ಹೇಳಿದರು. ಮೊದಲ ಬೆಂಚು ಮೊದಲು ಬಿತ್ತು, ಕೊನೆಯ ಬೆಂಚು ಎಂದಿನಂತೆ ಪಾಠ ತಡವಾಗಿ ಕಿವಿಗೆ ಬಿದ್ದು ಕೊನೆಗೆ ಬಿತ್ತು. ಗದ್ದಲವಿಲ್ಲದ ತರಗತಿ ಎಂದರೆ ಅನುಮಾನಪಡುವ ವೃಷಭೇಂದ್ರಯ್ಯನವರು ಬಂದು ನೋಡಿದರೆ ಮಕ್ಕಳೆಲ್ಲ ಡೆಸ್ಕಿನ ಮೇಲೆ ಕೆನ್ನೆಯಿಟ್ಟು ಮಲಗಿವೆ.

"ಏನ್ರೀ ಇದು? ಏನು ಹೇಳಿಕೊಟ್ರಿ ಇವಕ್ಕೆ?"

ಟೀಚರಮ್ಮ ಗಾಬರಿಯಲ್ಲಿ ಬೋರ್ಡು ತೋರಿಸಿ, "ಇದೇ ಸಾರ್, ಡ್ರಾಪ್ ಆಫ್," ಎಂದರು. ಹೆಡ್ ಮಾಸ್ತರರು ಪಕ್ಕದ ಕುರ್ಚಿಗೆ ಕುಸಿದರು. ಸ್ಕೂಲು ಬಿಡುವ ಗಂಟೆ ಹೊಡೆದು, ಮಕ್ಕಳೆಲ್ಲ ಎದ್ದು, ಅವರ ಸುತ್ತ ನಿಂತು ಗೊರಕೆ ಕೇಳಿ ನಕ್ಕ ಮೇಲೆ ಅವರಿಗೆ ಎಚ್ಚರವಾಯಿತು. ಮಲಗಿದ್ದಕ್ಕಲ್ಲ, ಮಕ್ಕಳು ನಕ್ಕಿದ್ದಕ್ಕೆ ಅವರ ಸಿಟ್ಟು ನೆತ್ತಿಗೇರಿತು. "ನೀವು ನಿದ್ದೆ ಮಾಡೋದು ಬಸ್ಸಿನಲ್ಲಿ, ಮಾಡಿಸೋದು ಸ್ಕೂಲಿನಲ್ಲಿ. ಎರಡೂ ನಡೆಯಲ್ಲ. ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬರೋಕಾದ್ರೆ ಬನ್ನಿ, ಇಲ್ಲಾಂದ್ರೆ ಬೇರೆ ಊರು ನೋಡ್ಕೊಳ್ಳಿ" ಎಂದುಬಿಟ್ಟರು.

ಭಾನುವಾರ ಬೆಳಿಗ್ಗೆ ನಾನು ಅಂಗಡಿಯ ಮುಂದೆ ಹತ್ತಿ ಹರವುತ್ತಿದ್ದಾಗ ಟೀಚರಮ್ಮ ಇಳಿದು ಬಂದರು. ಕೊರಳಿನಿಂದ ದಾರ ತೆಗೆದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ದಾರ ಇನ್ನೂ ಬೆಚ್ಚಗಿತ್ತು.

"ನಾಳೆ ಬೆಳಗಿನ ಬಸ್ಸಿಗೆ ಹೋಗ್ತೀನಿ. ದಾಸವಾಳದ ಕುಂಡ ಇಲ್ಲೇ ಇರ್ಲಿ ಸಾಹೇಬ್ರೇ. ತಂಗಿ ಮನೇಲಿ ಅದಕ್ಕೆ ಬಿಸಿಲು ಬೀಳಲ್ಲ."

ನಾನು ಒಳಗೆ ಹೋಗಿ ಹೊನ್ನೂರಮ್ಮನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿ ಮೆಟ್ಟಿಲು ಹತ್ತಿದಳು, ಹಿಂದೆ ನಾನು. ಟೀಚರಮ್ಮ ಮತ್ತೆ ಮೇಲೆ ಬಂದು ಟ್ರಂಕಿಗೆ ಸೀರೆ ಮಡಿಸಿಡುತ್ತಿದ್ದರು.

"ಅಲ್ರೀ, ನೀವು ಹೋಗೋದು ಆಮೇಲಾತು. ಒಂದು ಮಾತು ಕೇಳ್ತೀನಿ, ಸರಿಯಾಗಿ ಹೇಳ್ರಿ. ಬೋರ್ಡಿಂಗಿನಾಗೆ ಇದ್ದಾಗ ನಿಮ್ಮನ್ನ ಯಾರು ಮಲಗಿಸ್ತಿದ್ರು?"

"ಅಲ್ಲಿ ನಾನೇ ಮಾನಿಟರು. ಚಿಕ್ಕ ಮಕ್ಕಳಿಗೆಲ್ಲ ಹೊದಿಕೆ ಸರಿಮಾಡಿ ಸ್ಲೀಪ್ ಟೈಟ್ ಅಂತ ಹೇಳಿ, ಕಂದೀಲು ಆರಿಸ್ತಿದ್ದೆ. ಎಲ್ಲರೂ ಮಲಗಿದ್ದಾರಾ ಅಂತ ನೋಡಿ, ಕೊನೇಲಿ ನಾನು."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ತಂಗಿ ಕೈಗೂಸು. ತೊಟ್ಟಿಲು ತೂಗೋಳು ನಾನೇ. ಆಮೇಲೆ ಅಮ್ಮನಿಗೆ ಕಾಯಿಲೆ ಬಂತು, ಅವರು ಮಲಗೋವರೆಗೂ ನಾನು ಕೂತಿರ್ತಿದ್ದೆ. ಆಮೇಲೆ ತಂಗಿ ಮಕ್ಕಳು." ಸೀರೆಯ ಮಡಿಕೆಯನ್ನು ಕೈಯಲ್ಲಿ ಸವರಿದರು. "ನನಗೆ ಯಾರೂ ಹೇಳಿದ ನೆನಪಿಲ್ಲ ಹೊನ್ನೂರಮ್ಮ. ಅದನ್ನ ನಾನು ಯಾವತ್ತೂ ಯೋಚನೆ ಮಾಡಿರ್ಲಿಲ್ಲ."

ಹೊನ್ನೂರಮ್ಮ ಮಂಚದ ಅಂಚಿಗೆ ಕೂತುಬಿಟ್ಟಳು. ಇಷ್ಟು ದಿನ ನಾವು ಇಲ್ಲದ್ದನ್ನು ಹುಡುಕಿದ್ದೆವು. ನಮ್ಮ ಊರಿನಲ್ಲಿ ಮಾತಿಲ್ಲದ ಮನುಷ್ಯರೇ ಇಲ್ಲವಾದ್ದರಿಂದ, ಮಾತು ಕೊಡುವವರೇ ಸಿಗದೆ ತಲೆ ಹಣ್ಣಾಗಬಹುದೆಂಬುದು ನಮಗೆ ಹೊಳೆದಿರಲೇ ಇಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ಅದು ಸೆರಗಿಗೆ ಒರೆಸಿಕೊಳ್ಳುವಷ್ಟು ಹೊತ್ತು ಮಾತ್ರ. ಎದ್ದು ನಿಂತಾಗ ಅವಳ ದನಿ ಎಂದಿನದಾಗಿತ್ತು.

"ರೀ, ಇವತ್ತು ಮಧ್ಯಾಹ್ನ ಟೀಚರಮ್ಮನ್ನ ತೊಟ್ಟಿಲಿಗೆ ಹಾಕಬೇಕು. ತೊಟ್ಟಿಲು ಮಾಡ್ರಿ."

"ಈ ಅಳತೆಗಾ?" ಎಂದೆ.

"ಗಾದಿ ಮಾಡಾಕೆ ಬರ್ತೈತಲ್ಲ, ಅದನ್ನ ಹಗ್ಗ ಕಟ್ಟಿ ತೂಗಾಕಾಕೆ ಬರಲ್ವಾ?"

ಟೀಚರಮ್ಮ ಬೇಡವೇ ಬೇಡ ಎಂದರು. ಇಷ್ಟು ವಯಸ್ಸಾದವಳನ್ನು ನಗೆಪಾಟಲು ಮಾಡಬೇಡಿ ಎಂದು ಕೈ ಹಿಡಿದುಕೊಂಡರು. "ನಗಲಿ ಬಿಡ್ರಿ. ಕೂಸಿನ ತೊಟ್ಟಿಲಿನ ಮುಂದೆ ನಗದೆ ಅಳ್ತಾರಾ?" ಎಂದು ಹೊನ್ನೂರಮ್ಮ ಆಗಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿಯವರನ್ನೆಲ್ಲ ಕೂಗಿ ಕರೆಯುತ್ತಿದ್ದಳು.

ಅಂಗಡಿಯ ತೊಲೆಗೆ ದಪ್ಪ ಹಗ್ಗ ಕಟ್ಟಿ, ಹಲಗೆಯ ಮೇಲೆ ಆ ಹೊಸ ಗಾದಿ ಹಾಸಿ ತೂಗುಬಿಟ್ಟೆ. ಗಟ್ಟಿಯಾಗಿದೆಯೋ ಇಲ್ಲವೋ ಎಂದು ನಾನೇ ಮೊದಲು ಮಲಗಿ ನೋಡಿದೆ, ಹೆಂಗಸರು ನನ್ನನ್ನು ಎಬ್ಬಿಸಿ ಓಡಿಸಿದರು. ಬೀದಿಯವರೆಲ್ಲ ಬಂದರು. ಕಡಲೆ ಉಸುಳಿ ಬಂತು, ಬೆಲ್ಲದ ಅವಲಕ್ಕಿ ಬಂತು, ಯಾರೋ ತೊಟ್ಟಿಲಿಗೆ ಚೆಂಡು ಹೂವು ಕಟ್ಟಿದರು. ಹಾಲಿನವಳು ಒಂದು ಗಿಲಕಿಯನ್ನೇ ತಂದು ಟೀಚರಮ್ಮನ ಮುಖದ ಮುಂದೆ ಆಡಿಸಿದಳು. ಎಲ್ಲರೂ ಸೇರಿ ಅವರನ್ನು ಎತ್ತಿ ಮಲಗಿಸುವ ಹೊತ್ತಿಗೆ ಟೀಚರಮ್ಮ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಬಾಗಿಲಾಚೆ ಗಂಡಸರ ಗುಂಪಿನ ಹಿಂದೆ ವೃಷಭೇಂದ್ರಯ್ಯನವರೂ ನಿಂತದ್ದು ಕಾಣಿಸಿತು.

ಯಾವ ಮಾತು ಕೊಡುತ್ತಾಳೆಂದು ಹೊನ್ನೂರಮ್ಮ ನನಗೂ ಹೇಳಿರಲಿಲ್ಲ. ಇಂಗ್ಲಿಷಿನದೋ ಕನ್ನಡದ್ದೋ ಎಂದು ಹೆಂಗಸರು ಗುಸುಗುಸು ಮಾಡುತ್ತಿದ್ದರು. ಅವಳು ತೊಟ್ಟಿಲಿನ ಮೇಲೆ ಬಗ್ಗಿದಳು. ಬೆನ್ನಿಗೆ ಗುದ್ದುಗಳು ದಬದಬನೆ ಬಿದ್ದವು, ಹಳೆಯ ಜಗಳಗಳನ್ನೆಲ್ಲ ನೆನೆಸಿಕೊಂಡು ಕೆಲವರು ಎರಡೆರಡು ಹಾಕಿದರು. ಅವಳ ಉಸಿರು ಒಂದಿಷ್ಟೂ ಅಲುಗಲಿಲ್ಲ. ಮಾತು ಮೊದಲ ಸಲ ಕಿವಿಯಲ್ಲಿ ಗುಟ್ಟಾಗಿ ಹೇಳುವುದು ಪದ್ಧತಿ, ಆದರೆ ಹೊನ್ನೂರಮ್ಮನ ಗುಟ್ಟೆಂದರೆ ಬೀದಿಯ ತುದಿಯವರೆಗೆ ಕೇಳುವಂಥದ್ದು.

"ಸುಗುಣವ್ವಾ, ಎಲ್ಲರೂ ಮಲಗ್ಯಾರೆ. ನಾನು ಎದ್ದಿರ್ತೀನಿ, ನೀನು ಮಲಕ್ಕೋ."

ಟೀಚರಮ್ಮನ ಮುಖದಿಂದ ಸೆರಗು ಜಾರಿತು. ಹೊನ್ನೂರಮ್ಮನನ್ನು ಒಮ್ಮೆ ನೋಡಿದರು. ಏನೋ ಕೇಳಲು ಬಾಯಿ ತೆರೆದರು, ನಿಜವಾಗಿಯೂ ಎದ್ದಿರುತ್ತೀಯಾ ಎಂದೇ ಇರಬೇಕು. ಕೇಳುವುದು ಮುಗಿಯಲಿಲ್ಲ. ಬಾಯಿ ತೆರೆದೇ ಇತ್ತು, ಕಣ್ಣು ಮುಚ್ಚಿತ್ತು, ಸ್ವಲ್ಪ ಹೊತ್ತಿಗೆ ನನ್ನ ಅಂಗಡಿಯಲ್ಲಿ ಸಣ್ಣದೊಂದು ಗೊರಕೆ ಶುರುವಾಯಿತು. ಗುದ್ದಲು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಹೆಂಗಸರು ಕಡಲೆ ಉಸುಳಿಯನ್ನು ಶಬ್ದವಾಗದ ಹಾಗೆ ತಿಂದು ಒಬ್ಬೊಬ್ಬರಾಗಿ ಹೊರಟುಹೋದರು. ಮಾತನಾಡಿಸಲು ಮುಂದೆ ಬಂದ ವೃಷಭೇಂದ್ರಯ್ಯನವರಿಗೆ ಹೊನ್ನೂರಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಗಿಳಿದರು.

ದೀಪ ಹಚ್ಚಿದ ಮೇಲೆ ಹೊನ್ನೂರಮ್ಮ ಬೀದಿಯ ಸುತ್ತಿಗೆ ಹೋಗಲಿಲ್ಲ. ಒಂಟಿಯಾಗಿರುವವರೇ ಬಂದು ಬಾಗಿಲಲ್ಲಿ ಹೇಳಿಸಿಕೊಂಡು ಹೋದರು. ನನಗೂ ನನ್ನ ಮಾತು ಹೇಳಲು ಬಂದಳು. ನಾನು ಹಾಲಿನ ಮಾತು ಎತ್ತಬೇಕೆನ್ನುವಷ್ಟರಲ್ಲಿ ನನ್ನ ಬಾಯಿಗೆ ಅಡ್ಡ ಕೈಯಿಟ್ಟಳು.

"ಹೇಳಬ್ಯಾಡ್ರಿ. ಎದ್ದಿರ್ತೀನಿ ಅಂದೀನಿ. ಹತ್ತಿ ಒಣಗೈತೆ, ಒಳಗೆ ತಂದಾಯ್ತು."

ನಾನು ಎದ್ದಾಗ ಬಿಸಿಲು ಅಂಗಡಿಯೊಳಗೆ ಬಂದಿತ್ತು. ಹೊನ್ನೂರಮ್ಮ ಹಗ್ಗ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು, ಕಣ್ಣು ಕೆಂಡವಾಗಿತ್ತು. ಬೆಳಗಿನ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಆ ಸದ್ದಿಗೆ ಟೀಚರಮ್ಮ ಮಗ್ಗುಲು ಬದಲಿಸಿದರೇ ಹೊರತು ಏಳಲಿಲ್ಲ. ಆಮೇಲೆ ತಾವಾಗಿ ಕಣ್ಣು ಬಿಟ್ಟು, ತೊಲೆ ನೋಡಿ, ಹಗ್ಗ ನೋಡಿ, ಹಗ್ಗ ಹಿಡಿದ ಕೈ ನೋಡಿದರು.

"ನೀವು ನಿಜವಾಗ್ಲೂ ಎದ್ದೇ ಇದ್ರಾ?"

"ಮತ್ತೆ? ಹೇಳಿರ್ಲಿಲ್ವಾ?"

ಟೀಚರಮ್ಮ ಇಳಿದರು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ನಾನು ಬೀಗದ ಕೈ ಕೊಟ್ಟೆ, ಕೊರಳಿಗೆ ಹಾಕಿಕೊಂಡರು. ಸ್ಕೂಲಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವರು ಹೊನ್ನೂರಮ್ಮನ ರಟ್ಟೆ ಹಿಡಿದು ಎಬ್ಬಿಸಿ ತೊಟ್ಟಿಲಿನಲ್ಲಿ ಕೂರಿಸಿದರು.

"ಅಯ್ಯೋ, ನನಗ್ಯಾಕ್ರೀ? ಒಲೆ ಮೇಲೆ ಹಾಲೈತೆ, ರೊಟ್ಟಿ ಆಗಬೇಕು..."

"ಮಲಕ್ಕೊಳ್ಳಿ," ಎಂದರು ಟೀಚರಮ್ಮ, ತರಗತಿಯಲ್ಲಿ ಮಾತನಾಡುವ ದನಿಯಲ್ಲಿ. ಚಾದರ ಹೊದಿಸಿ, ಅಂಚು ಸರಿಮಾಡಿ, ಬಗ್ಗಿ ಮೆಲ್ಲಗೆ ಹೇಳಿದರು, "ಸ್ಲೀಪ್ ಟೈಟ್."

ನಾನು ಈ ಹೆಂಗಸಿಗೆ ಇಷ್ಟು ವರ್ಷ ಹಾಲಿನ ಮಾತು ಹೇಳುತ್ತಾ ಬಂದಿದ್ದೇನೆ. ಹೇಳಿಸಿಕೊಳ್ಳುವ ಮುಂಚೆ ನಾಳಿನ ಹಿಟ್ಟು, ನಾಡಿದ್ದಿನ ಎಣ್ಣೆ, ಪಕ್ಕದ ಮನೆಯವರ ಕೋಳಿ ಎಂದು ನಾಲ್ಕು ಮಾತಾಡಿಯೇ ಅವಳ ಕಣ್ಣು ಮುಚ್ಚುವುದು. ಈಗ ಒಂದೇ ಉಸಿರಿಗೆ, ರವಿಕೆಯೆಂದು ಹಂಗಿಸಿದ ಮಾತಿಗೆ, ಕೂಸಿನ ಹಾಗೆ ಮಲಗಿಬಿಟ್ಟಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

"ನೀವು ಸ್ಕೂಲಿಗೆ ಹೊರಡ್ರಿ ಟೀಚರಮ್ಮ, ಹೊತ್ತಾತು," ಎಂದೆ.

"ಒಲೆ ಮೇಲೆ ಹಾಲಿದೆಯಂತೆ," ಎಂದರು ಅವರು, ಒಳಗೆ ಹೋಗುತ್ತಾ. "ಅದನ್ನ ನೋಡ್ಕೊಂಡು ಹೋಗ್ತೀನಿ."